ಕುಕ್ಕರು ಹೊಟ್ಟಿದ ದಿನ ಆನು ಮಾಡಿದ ಕೆಲಸ

2022 ನವೆಂಬರು 19, ಶೆನಿವಾರ. ಹೊತ್ತೋಪಗ ಕಾಪಿಗೆ ನೀರು ಮಡುಗಿಕ್ಕಿ, ಜಾಲಿಲಿ ಒಣಗಲೆ ಹಾಕಿದ ವಸ್ತ್ರಂಗಳ ತೆಗೆತ್ತಾ ಇತ್ತಿದ್ದೆ. ಫೋನು ಒಂದರಿ ಶಬ್ದ ಮಾಡಿತ್ತು, ಮತ್ತೆ ಬಿಡದ್ದೆ ಮಾಡ್ಲೆ ಶುರು ಮಾಡಿತ್ತು. ನಾಗುರಿ ಹತ್ರೆ, ಗರೋಡಿ ಹೊಡೆಲಿ, ರಿಕ್ಷಲ್ಲಿ ಎಂತದೋ ಹೊಟ್ಟಿದಡ. ಡ್ರೈವರಂಗೂ ಹಿಂದೆ ಕೂದೋನಿಂಗೂ ಕಿಚ್ಚು ಹಿಡುದ್ದಡ. ಬ್ಯಾಗಿನ ಒಳ ಕುಕ್ಕರು ಇತ್ತಡ. ಎಂಗಳ ಕುಲಶೇಖರಂದ ಅಲ್ಲಿಗೆ ರಿಕ್ಷಲ್ಲಿ ಹೋದರೆ ಹೆಚ್ಚು ಹೊತ್ತು ಬೇಡ. ಇವು ಪಡೀಲಿಂಗೆ ಹೋಗಿತ್ತಿದ್ದವು, ಫೋನು ಮಾಡಿರೆ ತೆಗೆತ್ತವಿಲ್ಲೆ. ಅರ್ಧ ಗಂಟೆ ಕಳುದು ಗೇಟಿನ ಶಬ್ದ ಕೇಳುವನ್ನಾರ ಎನ್ನ ಕೈಕಾಲು ನಡುಗಿಗೊಂಡೇ ಇತ್ತು. ಒಲೆಲಿ ಮಡುಗಿದ ನೀರು ಬತ್ತಿ ಪಾತ್ರ ಕರಂಚಿತ್ತು.

ಅಂದು ಇರುಳು ಆನು ಮಾಡಿದ ಕೆಲಸವ ಇಷ್ಟು ದಿನ ಆರ ಹತ್ರೆಯೂ ಸರಿಯಾಗಿ ಹೇಳಿದ್ದಿಲ್ಲೆ. ರಿಕ್ಷಲ್ಲಿ ಸಿಕ್ಕಿದ್ದು ಹೇಳಿ ಒಂದು ಆಧಾರ್ ಕಾರ್ಡಿನ ಪಟ ಬಂತು. ಹುಬ್ಬಳ್ಳಿ ಹೊಡೆಯ ಒಬ್ಬನ ಹೆಸರು, ಮೋರೆ, ಎಲ್ಲ ಅದರಲ್ಲಿ ಇದ್ದು. ಇವನೇ ಬಾಂಬು ತಂದೋನು ಹೇಳಿ ಆರೋ ಅಡಿಲಿ ಬರದ್ದವು. ಒಂದು ಕ್ಷಣವೂ ಆಲೋಚನೆ ಮಾಡದ್ದೆ ಅದರ ಕುಟುಂಬದ ಗ್ರೂಪಿಂಗೆ ಕಳುಸಿದೆ. ಎಪ್ಪತ್ತು ಜೆನ ಇಪ್ಪ ಗ್ರೂಪು. ಎಲ್ಲೋರಿಂದ ಮದಲು ಶುದ್ದಿ ಕೊಟ್ಟದು ಆನು ಹೇಳ್ತ ಒಂದು ಸಣ್ಣ ಕೊಶಿಯೂ ಇತ್ತು ಒಳ, ಲೊಟ್ಟೆ ಎಂತಕೆ ಹೇಳೆಕ್ಕು.

ಮರದಿನ ಬೆಂಗಳೂರಿಂದ ಮಗ ಫೋನು ಮಾಡಿದ. "ಅಮ್ಮಾ, ನೀನು ಕಳುಸಿದ ಪಟದ ಮನುಷ್ಯಂಗೂ ಇದಕ್ಕೂ ಸಂಬಂಧವೇ ಇಲ್ಲೆ. ಅವನ ಕಾರ್ಡು ಕಳದು ಹೋದ್ದು. ಟೀವಿ ಹಾಕಿ ನೋಡು" ಹೇಳಿದ. ಅಪ್ಪು, ನೋಡಿದೆ. ಪಾಪದ ಜೆನ, ತುಮಕೂರಿಲಿ ರೈಲ್ವೆ ಕೆಲಸಲ್ಲಿ ಇಪ್ಪವ. ಅವಂಗೆ ಗೊಂತೇ ಇಲ್ಲದ್ದ ಹಾಂಗೆ ಅವನ ಹೆಸರಿನ ಹಿಡ್ಕೊಂಡು ಆರೋಪಿ ಮೈಸೂರಿಲಿ ಕೋಣೆ ಬಾಡಿಗೆಗೆ ತೆಕ್ಕೊಂಡಿತ್ತಿದ್ದ ಹೇಳಿ ಪೋಲೀಸರು ಹೇಳಿದವು. ಆನು ಕೂಡ್ಲೆ ಗ್ರೂಪಿಂದ ಅದರ ಅಳಿಶಿದೆ. ಹೊತ್ತೋಪಗ ಅದೇ ಪಟ ಅಪ್ಪನ ಮನೆ ಹೊಡೆಯ ಗ್ರೂಪಿಲಿ, ಎರಡು ಬಾಣದ ಗುರ್ತದೊಟ್ಟಿಂಗೆ, ಎನಗೇ ವಾಪಾಸು ಬಂತು. ಎರಡು ಬಾಣ ಹೇಳಿರೆ ತುಂಬ ಸರ್ತಿ ಕೈ ದಾಂಟಿದ್ದು ಹೇಳಿ ಲೆಕ್ಕ. ಅದರಲ್ಲಿ ಎನ್ನ ಕೈಯೂ ಒಂದು.

ನಮ್ಮ ಭಾಷೆಲಿ 'ಅಡ' ಹೇಳಿ ಒಂದು ಸಣ್ಣ ಮಾತು ಇದ್ದು. ಪೇಟೆಯೋರ ಕನ್ನಡಲ್ಲಿ 'ಅಂತೆ' ಹೇಳ್ತವು. ಅಜ್ಜಿ ಹೇಳುಗು, ಆಚಮನೆಯ ದನ ಕಂಜಿ ಹಾಕಿತ್ತಡ, ಮಾವಂಗೆ ಜ್ವರ ಅಡ. ಆನು ಕಣ್ಣಿಲಿ ಕಂಡದಲ್ಲ, ಕೆಮಿಲಿ ಕೇಳಿದ್ದು, ನೀನೇ ವಿಚಾರ್ಸಿ ನೋಡು ಹೇಳಿ ಅದರ ಅರ್ಥ. ಒಂದೇ ಮಾತಿಲಿ ಜವಾಬ್ದಾರಿಯೂ ಇದ್ದು, ಜಾಗ್ರತೆಯೂ ಇದ್ದು. ಫಾರ್ವರ್ಡು ಮಾಡುವಗ ಈ 'ಅಡ' ಉದುರಿ ಹೋವುತ್ತು. ಅಂದು ಎನ್ನ ಕೈಂದ ಹೋದ್ದು "ಇವನೇ ಬಾಂಬು ತಂದೋನಡ" ಹೇಳಿ ಅಲ್ಲ, "ಇವನೇ" ಹೇಳಿ.

ಮತ್ತೆ ಒಂದೊಂದೇ ಬಂತು. ಇದು ಆಕಸ್ಮಿಕ ಅಲ್ಲ, ಭಯೋತ್ಪಾದನೆಯ ಕೃತ್ಯ ಹೇಳಿ ಅಂಬಗಾಣ ಡಿಜಿಪಿ ಪ್ರವೀಣ್ ಸೂದ್ ಮರದಿನ ತಿಳುಶಿದ್ದೂ ಟ್ವಿಟ್ಟರಿಲಿಯೇ. ಮದಲು ಆರೂ ಕೇಳದ್ದ ಹೆಸರಿನ ಒಂದು ಸಂಘಟನೆಯ ಕಾಗದವೂ ಫೋನಿಲಿ ತಿರುಗಿತ್ತು. ಕದ್ರಿ ದೇವಸ್ಥಾನವೇ ಗುರಿ ಹೇಳಿ ಅದರಲ್ಲಿ ಇತ್ತು. ಎನ್‌ಐಎಯವು ಕೂಡ ತನಿಖೆಲಿ ಹಾಂಗೇ ಹೇಳಿದವು. ಆರೋಪಿ ಕುಕ್ಕರಿನ ಕೈಲಿ ಹಿಡ್ಕೊಂಡು ತೆಗೆಶಿಗೊಂಡ ಪಟವೂ ಬಂತು. ನಾವು ದಿನಾ ಬೇಳೆ ಬೇಶುವ ಹಾಂಗಿಪ್ಪ ಕುಕ್ಕರು. ಎನಗೆ ಅದರ ನೋಡಿ ತಲೆಗೆ ಹೋದ ಪ್ರಶ್ನೆ ಒಂದೇ. ಹೊಟ್ಟುಸುಲೆ ಹೋಪವಂಗೆ ಪಟ ಎಂತಕೆ? ಆರಿಂಗೆ ತೋರ್ಸುಲೆ?

ತೋರ್ಸುಲೆ ಇಪ್ಪದು ನವಗೆ. ಭಯೋತ್ಪಾದನೆಯ ಕೆಲಸ ಎರಡು ಪಾಲು ಹೇಳಿ ಎನ್ನ ಲೆಕ್ಕ. ಹೊಟ್ಟುಸುದು ಒಂದು ಪಾಲು, ಅದರ ಅವು ಮಾಡ್ತವು. ಹೆದರುಸುದು ಇನ್ನೊಂದು ಪಾಲು, ಅದರ ನಾವು ಮಾಡಿಕೊಡ್ತು, ಕ್ರಯ ಇಲ್ಲದ್ದೆ. ಅಂದು ಅವರ ಪಾಲು ದೇವರ ದಯಂದ ತಪ್ಪಿ ಹೋತು, ಕುಕ್ಕರು ದಾರಿಲೇ ಹೊಟ್ಟಿತ್ತು, ಜೀವ ಹೋಯಿದಿಲ್ಲೆ. ನಮ್ಮ ಪಾಲು ಮಾತ್ರ ಎಲ್ಲಿಯೂ ತಪ್ಪಿದ್ದಿಲ್ಲೆ. ರಿಕ್ಷದ ಪಾಪದ ಡ್ರೈವರು ಸುಟ್ಟ ಗಾಯಲ್ಲಿ ಆಸ್ಪತ್ರೆಲಿ ಮನುಗಿತ್ತಿದ್ದ, ನಾವು ಮನೆಲಿ ಕೂದೊಂಡು ಅವನ ರಿಕ್ಷವ ಸಾವಿರ ಸರ್ತಿ ಹೊಟ್ಟುಸಿತ್ತು.

ಹೆದರಿಕೆ ಹೇಳಿರೆ ಎಂತ ಮಾಡ್ತು ಹೇಳುದಕ್ಕೆ ಬೇರೆಯೋರ ಕಥೆ ಬೇಡ. ಕೈಕಂಬ ಹೊಡೆಲಿ ಹಣ್ಣು ಮಾರ್ತ ಬ್ಯಾರಿ ಒಬ್ಬ ಇದ್ದ. ಹದಿನೆಂಟು ವರ್ಷಂದ ಎಂಗಳ ಮನೆಗೆ ಕದಳಿ ಬಾಳೆಹಣ್ಣು ಅವನಿಂದಲೇ. ಚೌತಿ, ನವರಾತ್ರಿ ಬಪ್ಪಗ ಕೇಳೆಕ್ಕು ಹೇಳಿಯೇ ಇಲ್ಲೆ, ಪೂಜೆಗೆ ಹೇಳಿ ಒಳ್ಳೆ ಚಿಪ್ಪು ನೋಡಿ ಕರೇಲಿ ಮಡುಗುಗು. ಇವಕ್ಕೆ ಕಾಲು ಬೇನೆ ಆದಿಪ್ಪಗ ಮನೆಗೇ ತಂದು ಕೊಟ್ಟಿದ. ಆ ವಾರ ಗ್ರೂಪಿಲಿ ಬಂದದು ಪೂರಾ ಒಂದೇ, ಇನ್ನು ಅವರ ಅಂಗಡಿಗೆ ಹೋಪಲಾಗ, ಅವರ ರಿಕ್ಷ ಹತ್ತಲಾಗ. ಆನು ಅದಕ್ಕೆ ಅಪ್ಪು ಹೇಳಿಯೂ ಬರದ್ದಿಲ್ಲೆ, ಅಲ್ಲ ಹೇಳಿಯೂ ಬರದ್ದಿಲ್ಲೆ. ಆದರೆ ಪೇಟೆಗೆ ಹೋಪಗ ಮಾರ್ಗದ ಆಚ ಕರೇಲಿ ನೆಡದೆ. ಒಂಬತ್ತು ದಿನ ನೆಡದೆ, ಲೆಕ್ಕ ಇದ್ದು ಎನಗೆ.

ಹತ್ತನೇ ದಿನ ಎಂತದೋ ಕೆಟ್ಟದಾತು ಮನಸ್ಸಿಂಗೆ, ಹೋದೆ. ಅವ ತುಳುವಿಲಿ ಕೇಳಿದ, "ಅಕ್ಕ ಊರಿಲಿ ಇತ್ತಿದ್ದಿಲ್ಲೆಯಾ?" ಹೇಳಿ. ಜ್ವರ ಇತ್ತು ಹೇಳಿ ಲೊಟ್ಟೆ ಬಿಟ್ಟೆ. ಅವಂಗೆ ಗೊಂತಾಯಿದು ಹೇಳಿ ಎನಗೂ ಗೊಂತಾತು. ಇಬ್ರೂ ಬಾಳೆಹಣ್ಣಿನ ಕ್ರಯ ಮಾತಾಡಿದೆಯೊ. ಬಾಂಬು ಕಟ್ಟಿದೋನಿಂಗೆ ಬೇಕಾಗಿದ್ದದು ಇದೇ ಅಲ್ಲದಾ? ದೇವಸ್ಥಾನದ ಎದುರು ಹೊಟ್ಟಿದ್ದರೂ ಅವ ಕಾಂಬಲೆ ಆಶೆ ಮಾಡಿದ್ದು ಎನ್ನ ಹಾಂಗಿಪ್ಪೋರು ಮಾರ್ಗದ ಆಚ ಕರೇಲಿ ನೆಡವದರ. ಹೊಟ್ಟದ್ದರೂ ಅದು ನೆಡದತ್ತು.

ಇವು ಹೇಳುದು ಬೇರೆ. ಈ ವಾಟ್ಸಾಪು, ಫೇಸ್‌ಬುಕ್ಕು, ಎಲ್ಲ ಒಂದರಿ ಬಂದು ಮಾಡಿರೆ ಭಯೋತ್ಪಾದನೆಯೂ ನಿಲ್ಲುಗು ಹೇಳಿ. ಇವರ ಪ್ರಾಯದ ಸುಮಾರು ಜೆನ ಹಾಂಗೇ ಹೇಳ್ತವು, ಹೇಳುದರ ವಾಟ್ಸಾಪಿಲಿಯೇ ಹೇಳ್ತವು, ಅದು ಬೇರೆ ಮಾತು. ಎನಗೆ ಅದು ಸರಿ ಕಾಣ್ತಿಲ್ಲೆ. ಮಗ ಒಂದರಿ ರಜೆಲಿ ಬಂದಿಪ್ಪಗ ತೋರ್ಸಿದ, ಆಸ್ಟ್ರೇಲಿಯದ ಒಂದು ಸಂಸ್ಥೆ ಪ್ರತಿ ವರ್ಷ ಯಾವ ದೇಶಲ್ಲಿ ಭಯೋತ್ಪಾದನೆ ಎಷ್ಟು ಹೇಳಿ ಪಟ್ಟಿ ಮಾಡ್ತು. 2024ರ ಪಟ್ಟಿಲಿಯೂ 2025ರ ಪಟ್ಟಿಲಿಯೂ ಮದಾಲು ಇಪ್ಪದು ಆಫ್ರಿಕದ ಬುರ್ಕಿನಾ ಫಾಸೊ. ಇಂಟರ್‌ನೆಟ್ಟು ಉಪಯೋಗ್ಸುವೋರು ಕಮ್ಮಿ ಇಪ್ಪ ಬಡ ದೇಶ ಅದು. ಜಪಾನು, ದಕ್ಷಿಣ ಕೊರಿಯ ನೋಡಿರೆ ಹೆಚ್ಚುಕಮ್ಮಿ ಎಲ್ಲೋರ ಕೈಲಿಯೂ ಫೋನು, ಬಾಂಬಿನ ಶುದ್ದಿ ಮಾತ್ರ ಅಪರೂಪ. ಫೋನು ಹೆಚ್ಚಾದಷ್ಟು ಬಾಂಬು ಹೆಚ್ಚು ಹೇಳಿ ಆಗಿದ್ದರೆ ಈ ಪಟ್ಟಿ ತಲೆಕೆಳ ಇರೆಕ್ಕಾತು.

ಬಂದು ಮಾಡಿ ನೋಡಿದ ದೇಶವೂ ಇದ್ದು. 2019ರ ಈಸ್ಟರ್ ದಿನ, ಎಪ್ರಿಲ್ 21ಕ್ಕೆ, ಶ್ರೀಲಂಕಲ್ಲಿ ಇಗರ್ಜಿಗಳಲ್ಲಿ, ಹೋಟೆಲುಗಳಲ್ಲಿ ಬಾಂಬು ಹೊಟ್ಟಿ 250ಕ್ಕಿಂತ ಹೆಚ್ಚು ಜೆನ ಸತ್ತವು. ಗಾಳಿಶುದ್ದಿ ಹಬ್ಬುತ್ತು ಹೇಳಿ ಅಲ್ಯಾಣ ಸರ್ಕಾರ ಫೇಸ್‌ಬುಕ್ಕು, ವಾಟ್ಸಾಪು ನಿಲ್ಲಿಸಿತ್ತು. ಗೊಂತಿಪ್ಪವು ವಿಪಿಎನ್ ಹಾಕಿ ನೋಡಿಗೊಂಡೇ ಇತ್ತಿದ್ದವು. ಗೊಂತಿಲ್ಲದ್ದವಕ್ಕೆ, ಮಗಳು ಎಲ್ಲಿದ್ದು, ಗೆಂಡ ಎಲ್ಲಿದ್ದ ಹೇಳಿ ಒಂದು ಮೆಸೇಜು ಹಾಕಿ ವಿಚಾರ್ಸುವ ದಾರಿಯೂ ಮುಚ್ಚಿತ್ತು. ಎಂಗಳ ಗೇಟಿನ ಶಬ್ದಕ್ಕೆ ಕಾದು ಕೂದ ಆ ಅರ್ಧ ಗಂಟೆ ಎನಗೆ ಗೊಂತಿದ್ದು.

ಹಾಂಗೆ ಹೇಳಿ ಫೋನಿಂಗೂ ಇದಕ್ಕೂ ಸಂಬಂಧವೇ ಇಲ್ಲೆ ಹೇಳ್ತಿಲ್ಲೆ ಆನು. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚಿಲಿ 2019 ಮಾರ್ಚ್ 15ಕ್ಕೆ ಒಬ್ಬ ಎರಡು ಮಸೀದಿಗೆ ನುಗ್ಗಿ 51 ಜೆನರ ಕೊಂದ. ಕೊಲ್ಲುದರ ಫೇಸ್‌ಬುಕ್ಕಿಲಿ ನೇರವಾಗಿ ತೋರ್ಸಿಗೊಂಡೇ ಕೊಂದ. ಹಾಂಗೆ ನೇರ ನೋಡಿದವು 200 ಜೆನವೂ ಇಲ್ಲೆ ಹೇಳಿ ಫೇಸ್‌ಬುಕ್ಕಿನವೇ ಮತ್ತೆ ಲೆಕ್ಕ ಕೊಟ್ಟವು. ಆದರೆ ಮದಲಾಣ 24 ಗಂಟೆಲಿ ಅದೇ ವಿಡಿಯೋದ 15 ಲಕ್ಷ ಪ್ರತಿಯ ಅವು ತೆಗೆಯೆಕ್ಕಾಗಿ ಬಂತು. 200 ಎಲ್ಲಿ, 15 ಲಕ್ಷ ಎಲ್ಲಿ? ಮಧ್ಯಲ್ಲಿ ಇಪ್ಪವು ಪೂರಾ ಅವನ ಕಡೆಯೋರು ಅಲ್ಲ. ಅಯ್ಯೋ ನೋಡಿ ಎಂತಾತು ಹೇಳಿ ಕಳುಸಿದೋರೂ ಇಕ್ಕು, ಎನ್ನ ಹಾಂಗೆ. ಅಲ್ಯಾಣ ಪ್ರಧಾನಿ ಜೆಸಿಂಡಾ ಆರ್ಡರ್ನ್, ಆ ಕೊಲೆಗಾರನ ಹೆಸರಿನ ಆನು ಏವಗಳೂ ಹೇಳ್ತಿಲ್ಲೆ ಹೇಳಿ ಪಾರ್ಲಿಮೆಂಟಿಲಿ ಹೇಳಿತ್ತು. ಎನಗೆ ಅದು ತುಂಬ ಕೊಶಿ ಆತು. ಹಾಂಗಾಗಿಯೇ ಇಲ್ಲಿಯೂ ಆನು ಆರೋಪಿಯ ಹೆಸರು ಬರದ್ದಿಲ್ಲೆ, ನಿಂಗೊ ಗಮನಿಸಿದಿರೋ ಎಂತೋ.

ಬಾಂಬೇ ಬೇಡ, ಬರೇ ಮೆಸೇಜು ಸಾಕು ಹೇಳುದಕ್ಕೂ ನಮ್ಮ ಕಣ್ಣೆದುರೇ ಉದಾಹರಣೆ ಇದ್ದು. 2012 ಆಗಸ್ಟಿಲಿ ಬೆಂಗಳೂರಿಲಿ ಈಶಾನ್ಯ ರಾಜ್ಯದವರ ಹೊಡದು ಕೊಲ್ಲುತ್ತವು ಹೇಳಿ ಎಸ್ಸೆಮ್ಮೆಸ್ಸು ಹಬ್ಬಿತ್ತು. ಸಾವಿರಗಟ್ಟಲೆ ಜೆನ ಗುವಾಹಟಿಗೆ ರೈಲು ಹತ್ತಿದವು, ರೈಲ್ವೆಯವು ವಿಶೇಷ ರೈಲು ಬಿಡೆಕ್ಕಾಗಿ ಬಂತು. ಕಡೇಂಗೆ ಕೇಂದ್ರ ಸರ್ಕಾರ 15 ದಿನಕ್ಕೆ, ಒಂದರಿಗೆ ಐದಕ್ಕಿಂತ ಹೆಚ್ಚು ಜೆನಕ್ಕೆ ಎಸ್ಸೆಮ್ಮೆಸ್ಸು ಕಳುಸಲಾಗ ಹೇಳಿ ಮಾಡಿತ್ತು. ಎನ್ನ ತಂಗೆಯ ಬಿಲ್ಡಿಂಗಿನ ಕಾವಲಿಂಗೆ ಒಬ್ಬ ಅಸ್ಸಾಮಿನ ಮಾಣಿ ಇತ್ತಿದ್ದ, ಆ ತಿಂಗಳ ಸಂಬಳವೂ ತೆಕ್ಕೊಳ್ಳದ್ದೆ ಹೋದ. ಅಂಬಗ ಸ್ಮಾರ್ಟು ಫೋನು ಎಲ್ಲೋರ ಕೈಲಿ ಇತ್ತಿಲ್ಲೆ, ನೆಂಪು ಮಡಿಕ್ಕೊಳ್ಳಿ.

ಇನ್ನು ಮಕ್ಕಳ ವಿಷಯ. ಬರವಲೆ ಕೂದ್ದೇ ಇದಕ್ಕೆ ಬೇಕಾಗಿ.

2020 ನವೆಂಬರಿಲಿ ಕದ್ರಿ ಹೊಡೆಲಿ ಒಂದು ಕಂಪೌಂಡು ಗೋಡೆಲಿ ಲಷ್ಕರ್-ಎ-ತೊಯ್ಬಾದ ಪರವಾಗಿ ಬರದ್ದದು ನಿಂಗೊಗೆ ನೆಂಪಿಕ್ಕು. ಕುಕ್ಕರಿನ ಕೇಸಿನ ಆರೋಪಿಯ ಪೋಲೀಸರು ಮದಾಲು ಹಿಡುದ್ದು ಆ ಗೋಡೆಬರಹದ ಕೇಸಿಲಿ. ಮತ್ತೆ ಜಾಮೀನು ಸಿಕ್ಕಿ ಹೆರ ಬಂದದು. ಆ ಬರಹದ ಕಡೇಂಗೆ ಒಂದು ಹ್ಯಾಶ್‌ಟ್ಯಾಗು ಇತ್ತು. ಗೋಡೆಲಿ ಹ್ಯಾಶ್‌ಟ್ಯಾಗು ಎಂತಕೆ? ಒತ್ತಿರೆ ಅದು ಎಲ್ಲಿಗೂ ಹೋವುತ್ತಿಲ್ಲೆ. ದಾರಿಲಿ ಹೋಪೋರು ಪಟ ತೆಗದು ಕಳುಸುಗು ಹೇಳಿ ಗೊಂತಿದ್ದೇ ಬರದ್ದು ಹೇಳಿ ಎನಗೆ ಕಾಣ್ತು. ಕುಕ್ಕರು ಹೊಟ್ಟುವ ಎರಡು ತಿಂಗಳು ಮದಲು ಶಿವಮೊಗ್ಗದ ಪೋಲೀಸರು ಇನ್ನಿಬ್ರ ಹಿಡುದಿತ್ತಿದ್ದವು. ಟೆಲಿಗ್ರಾಮಿನ ಹಾಂಗಿಪ್ಪ ಆಪುಗಳಲ್ಲಿ ಬಂದ ಪಿಡಿಎಫ್, ವಿಡಿಯೋ ನೋಡಿ ಕಲ್ತು, ತುಂಗೆಯ ಕರೇಲಿ ಹೊಟ್ಟುಸಿ ನೋಡಿದವು ಹೇಳಿ ಆರೋಪ. ಅದರಲ್ಲಿ ಒಬ್ಬ ಇದೇ ಮಂಗಳೂರಿಲಿ ಇಂಜಿನಿಯರಿಂಗು ಓದಿಗೊಂಡಿದ್ದ ಮಾಣಿ. 2014 ಡಿಸೆಂಬರಿಲಿ ಬೆಂಗಳೂರಿಲಿ ಹಿಡುದೋನು ಹಗಲು ಕಂಪೆನಿ ಕೆಲಸ, ಇರುಳು ಬಾಡಿಗೆ ಕೋಣೆಲಿ ಕೂದೊಂಡು ಐಸಿಸ್ ಪರವಾಗಿ ಟ್ವಿಟ್ಟರು ನೆಡೆಶಿಗೊಂಡಿತ್ತಿದ್ದ. ಅವನ ಹಿಂದೆ 17,000ಕ್ಕೂ ಹೆಚ್ಚು ಜೆನ, ದೇಶ ದೇಶದವು. 2016ರಲ್ಲಿ ಕಾಸರಗೋಡಿನ ಪಡನ್ನ, ತೃಕ್ಕರಿಪುರ ಹೊಡೆಂದ ಬಸರಿ ಹೆಮ್ಮಕ್ಕೊ, ಸಣ್ಣ ಮಕ್ಕೊ ಸಮೇತ ಒಂದು ಗುಂಪು ಅಫ್ಘಾನಿಸ್ತಾನಕ್ಕೆ ಹೋತು. ಇನ್ನು ವಾಪಾಸು ಬತ್ತಿಲ್ಲೆ ಹೇಳಿ ಮನೆಗೆ ಗೊಂತಾದ್ದು ಫೋನಿಂಗೆ ಬಂದ ಸಂದೇಶಂದ. ಆ ಅಬ್ಬೆಕ್ಕೊ ಎಂತ ಮಾಡಿಕ್ಕು? ಮಗ ಕೋಣೆಲಿ ಓದುತ್ತಾ ಇದ್ದ ಹೇಳಿ ಬಾಗಿಲಿನ ಹೆರ ಹಾಲಿನ ಗ್ಲಾಸು ಹಿಡ್ಕೊಂಡು ನಿಂದಿಕ್ಕು, ನಮ್ಮ ಹಾಂಗೆ.

ಎಂಗಳ ಮಕ್ಕೊ ಹಾಂಗಲ್ಲ, ಅದು ಅವರ ಪೈಕಿಯೋರ ಸಮಸ್ಯೆ ಹೇಳಿ ಹೇಳುವೋರು ಇದ್ದವು. ಆನೂ ಹಾಂಗೇ ಹೇಳಿಗೊಂಡಿದ್ದೆ. ಅಣ್ಣನ ಮಗ ಈಗ ಎರಡನೇ ಪಿಯುಸಿ. ಕೊರೋನ ಸಮಯಲ್ಲಿ ಆನ್‌ಲೈನು ಕ್ಲಾಸು ಹೇಳಿ ಕೈಗೆ ಕೊಟ್ಟ ಫೋನು ಮತ್ತೆ ದೊಡ್ಡೋರ ಕೈಗೆ ವಾಪಾಸು ಬೈಂದಿಲ್ಲೆ. ಕಳುದ ಬೇಸಗೆಲಿ ಅವ ಎಂಗಳಲ್ಲಿ ಇಪ್ಪಗ ಒಂದು ವಿಡಿಯೋ ತೋರ್ಸಿ ನೆಗೆ ಮಾಡಿದ. ಒಬ್ಬನ ನಾಕು ಜೆನ ಸೇರಿ ಬಡಿವದು. ಎಂತಕೆ ಬಡಿತ್ತವು ಹೇಳಿ ಕೇಳಿದೆ. "ಗೊಂತಿಲ್ಲೆ ಅತ್ತೆ, ಅವಕ್ಕೆ ಹಾಂಗೇ ಆಯೆಕ್ಕು" ಹೇಳಿದ. ಅದೇ ಬೇಸಗೆ, ಎಪ್ರಿಲ್ 27ಕ್ಕೆ, ಕುಡುಪಿಲಿ ಕ್ರಿಕೆಟ್ಟು ಆಟದ ಹತ್ರೆ ಕೇರಳದ ವಯನಾಡಿನ ಒಬ್ಬನ ಗುಂಪು ಸೇರಿ ಬಡುದು ಕೊಂದವು. ಪೆಹಲ್ಗಾಮಿಲಿ ಪ್ರವಾಸಿಗಳ ಕೊಂದು ಐದು ದಿನ ಆಗಿತ್ತಷ್ಟೆ. ಎಂತದೋ ಘೋಷಣೆ ಕೂಗಿದಡ ಹೇಳಿ ಮತ್ತೆ ಹಬ್ಬಿತ್ತು. 'ಅಡ' ಇಲ್ಲಿ ಆನು ಹಾಕಿದ್ದು, ಮೆಸೇಜಿಲಿ ಇತ್ತಿಲ್ಲೆ. ಇಪ್ಪತ್ತರಷ್ಟು ಜೆನರ ಪೋಲೀಸರು ಹಿಡುದವು. ಕುಡುಪು ಹೇಳಿರೆ ಎಂಗೊ ನಾಗತಂಬಿಲಕ್ಕೆ ಹೋಪ ಜಾಗೆ, ಕುಲಶೇಖರಂದ ಬಸ್ಸು ಹತ್ತಿರೆ ಕೂಪಲೆ ಸೀಟು ಸಿಕ್ಕುವ ಮದಲೇ ಇಳಿಯೆಕ್ಕು.

ಬಾಂಬು ಕಟ್ಟುವೋನೂ ವಿಡಿಯೋ ನೋಡಿ ನೆಗೆ ಮಾಡುವ ಮಾಣಿಯೂ ಒಂದೇ ಹೇಳಿ ಹೇಳ್ಲೆ ಎನಗೆ ಮರುಳಿಲ್ಲೆ. ಆದರೆ ಆರನ್ನೂ ಗೊಂತಿಲ್ಲದ್ದೆ "ಅವಕ್ಕೆ ಹಾಂಗೇ ಆಯೆಕ್ಕು" ಹೇಳುದರ ಒಂದು ಪ್ರಾಯಲ್ಲಿ ಇಬ್ರಿಂಗೂ ಕಲುಶಿದ್ದು ಅದೇ ಸಣ್ಣ ಪರದೆ. ದಕ್ಷಿಣ ಕನ್ನಡಲ್ಲಿ ನೂರಕ್ಕೆ 88 ಜೆನಕ್ಕೆ ಓದುಬರಹ ಬತ್ತು ಹೇಳಿ 2011ರ ಜನಗಣತಿಲಿ ಇದ್ದು. ಓದಲೆ ಬತ್ತು, ಸರಿ. ಬಂದದರ ಪೂರಾ ಓದಿಯೇ ನಂಬಿದೆಯೋ ಅಲ್ಲ ನಂಬಿಕ್ಕಿ ಓದಿದೆಯೋ ಹೇಳಿ ಜನಗಣತಿಯೋರು ಕೇಳ್ತವಿಲ್ಲೆ.

ಸರ್ಕಾರ ಕಂಪೆನಿಗಳ ಕೆಮಿ ಹಿಂಡೆಕ್ಕು, ಅದು ಬೇಕು. ಬೀದರಿನ ಮುರ್ಕಿಲಿ 2018ರ ಜುಲಾಯಿಲಿ ಮಕ್ಕಳ ಕಳ್ಳ ಹೇಳಿ ಒಬ್ಬ ಇಂಜಿನಿಯರನ ಬಡುದು ಕೊಂದ ಮತ್ತೆಯೇ, ಒಂದರಿಗೆ ಐದು ಚಾಟಿಂಗೆ ಮಾತ್ರ ಫಾರ್ವರ್ಡು ಹೇಳಿ ವಾಟ್ಸಾಪಿನವು ನಮ್ಮ ದೇಶಲ್ಲಿ ಮಾಡಿದ್ದು. ಎರಡು ಬಾಣದ ಮೆಸೇಜಿನ ಈಗ ಒಂದರಿಗೆ ಒಂದೇ ಚಾಟಿಂಗೆ ಕಳುಸಲಕ್ಕಷ್ಟೆ. ಅವರ ಕೈಲಿ ಅಷ್ಟು ಎಡಿಗಾರೆ ಇನ್ನೂ ಎಡಿಗು. ಆದರೆ ಎಪ್ಪತ್ತು ಜೆನರ ಕುಟುಂಬದ ಗ್ರೂಪಿಂಗೆ ಒಂದೇ ಸರ್ತಿ ಕಳುಸಿರೂ ಸಾಕಾವುತ್ತು, ಎನ್ನಷ್ಟು ಚೆಂದಕ್ಕೆ ಅದು ಆರಿಂಗೂ ಗೊಂತಿಲ್ಲೆ.

ಈಗ ಎಂಗಳ ಗ್ರೂಪಿಲಿ ಆರಾದರೂ ಹೀಂಗಿಪ್ಪದರ ಹಾಕಿರೆ ಆನು ಅಡಿಲಿ "ಅಡ" ಹೇಳಿ ಬರೆತ್ತೆ. ಎರಡೇ ಅಕ್ಷರ. ಸುರುವಿಂಗೆ ನೆಗೆ ಮಾಡಿದವು. ಮತ್ತೆ ಒಬ್ಬ ಭಾವ, ನಿಂಗೊಗೆ ದೇಶದ ಮೇಲೆ ಪ್ರೀತಿ ಇಲ್ಲೆಯೋ ಹೇಳಿ ಕೇಳಿ ಗ್ರೂಪು ಬಿಟ್ಟವು. ಇಬ್ರು ಅತ್ತಿಗೆಕ್ಕೊ ಈಗ ಹಾಕುವ ಮದಲು ಎನಗೆ ಫೋನು ಮಾಡಿ ಕೇಳ್ತವು, ಇದು ಅಪ್ಪೋ ಹೇಳಿ. ಎನಗೆಂತ ಗೊಂತು? ಗೊಂತಿಲ್ಲೆ ಹೇಳ್ತೆ. ಅಂಬಗ ಅವು ಹಾಕುತ್ತವಿಲ್ಲೆ.

ಮೊನ್ನೆ ದೀಪಾವಳಿಗೆ ಅಣ್ಣನ ಮಾಣಿ ಬಂದಿತ್ತಿದ್ದ. ಮನೆಲಿ ಇರುಳು ಒಂಬತ್ತರ ಮತ್ತೆ ಎಲ್ಲೋರ ಫೋನೂ ಚಾವಡಿಯ ಮೇಜಿಲಿ, ಎನ್ನದೂ ಸೇರಿ. ಅವಂಗೆ ಕೋಪ ಬಂತು. ಆನು ಕೂದು ಈ ಕಥೆ ಪೂರಾ ಹೇಳಿದೆ, ಹುಬ್ಬಳ್ಳಿಯ ಜೆನದ ಕಾರ್ಡು, ಬಾಳೆಹಣ್ಣು, ಒಂಬತ್ತು ದಿನ, ಎಲ್ಲ. ಅವ ಒಂದು ಮಾತೂ ಆಡಿದ್ದಿಲ್ಲೆ. ಮೇಜಿಂದ ಫೋನಿನ ತೆಗದು ಸುಮಾರು ಹೊತ್ತು ಮೇಲೆ ಕೆಳ ಹುಡ್ಕಿದ.

"ಅತ್ತೆ, ನಿಂಗೊ ಕಳುಸಿದ ಪಟ ಇದರಲ್ಲಿ ಈಗಳೂ ಇದ್ದು" ಹೇಳಿದ.

ಅವ ಆ ವರ್ಷ ಒಂಬತ್ತನೇ ಕ್ಲಾಸು. ಅಣ್ಣನ ನಂಬರಿಂಗೆ ಬಂದದು, ಗ್ಯಾಲರಿಲಿ ಹಾಂಗೇ ಉಳುದ್ದು. ಅದೇ ಮೋರೆ, ಅದೇ ಹೆಸರು, "ಇವನೇ" ಹೇಳ್ತ ಅದೇ ಮಾತು. ಅವ ಫೋನಿನ ಎನ್ನ ಕೈಗೆ ಕೊಟ್ಟ. ಅದರ ಅಳಿಶುದು ಎಲ್ಲಿ ಒತ್ತುದು ಹೇಳಿ ಎನಗೆ ಗೊಂತಾಯಿದಿಲ್ಲೆ, ಅವನೇ ತೋರ್ಸಿದ.